ಭಟ್ಟರ ಕಾಗದದ ಹಿಂಬದಿ

ಬ್ಯಾಂಕಿನಲ್ಲಿ ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬ ಗುಮಾಸ್ತನಿಗೂ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದೆ: ಯಾವ ಕಾಗದವನ್ನೂ ಹಿಂದೆ ಮುಂದೆ ತಿರುವಿ ನೋಡದೆ ಪಾಸು ಮಾಡಬೇಡ. ಚೆಕ್ಕಿನ ಹಿಂಬದಿ ನೋಡಲು ಮರೆತವನನ್ನು ಎಲ್ಲರ ಎದುರಿಗೇ ಜಾಡಿಸುತ್ತಿದ್ದೆ. ನನ್ನ ಸಿಟ್ಟು ಇಡೀ ನಾಸಿಕ ಶಾಖೆಗೆ ಗೊತ್ತಿತ್ತು. ಹೆಸರು ರಘೋತ್ತಮ, ಊರು ಬಾಗಲಕೋಟೆ, ವರ್ಗವಾಗಿ ಬಂದು ಆಗಲೇ ಆರು ವರ್ಷವಾಗಿತ್ತು. ೧೯೮೮ರಲ್ಲಿ ಒಬ್ಬ ಅಡುಗೆಯವರಿಗೆ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ತಲೆ ಎತ್ತಲು ನಾಚಿಕೆಯಾಗುತ್ತದೆ. ಮೂವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ, ಇನ್ನು ಸಾಕು.

ನರಹರಿ ಭಟ್ಟರು ಉಡುಪಿ ಕಡೆಯವರು. ಪಂಚವಟಿಯಲ್ಲಿ ಮುದ್ದಣ್ಣನವರದೊಂದು ಸಸ್ಯಾಹಾರಿ ಹೋಟೆಲು ಇತ್ತು, ಅಲ್ಲಿ ಮುಖ್ಯ ಅಡುಗೆ ಅವರದೇ. ನಮ್ಮ ಕನ್ನಡ ಮಂಡಳಿಯ ಗಣಪತಿ ಹಬ್ಬಕ್ಕೆ ನೈವೇದ್ಯವೂ ಅವರದೇ ಕೈಯಿಂದ ಆಗಬೇಕು. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಬೆಳಗಿನ ಜಾವ ಗೋದಾವರಿಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬಂದು ಒಲೆ ಹಚ್ಚುತ್ತಿದ್ದರು. ಇನ್ನೂರು ಜನ ಉಂಡು, ಕಡೆಯವನು ಕೈ ತೊಳೆಯುವವರೆಗೆ ಅವರು ಎಲೆಯ ಮುಂದೆ ಕೂಡುತ್ತಿರಲಿಲ್ಲ. "ನೀವೂ ಬರ್ರಿ ಭಟ್ರ" ಎಂದರೆ, "ಅಡುಗೆಯವ ಮೊದಲು ಉಂಡ್ರೆ ಗಣಪತಿಗೆ ಬೇಜಾರಾಗ್ತದೆ ಮಾರಾಯ್ರೆ" ಎಂದು ನಕ್ಕುಬಿಡುತ್ತಿದ್ದರು.

ಆ ಕಾಲದಲ್ಲಿ ನಾಸಿಕದ ಕನ್ನಡದವರಿಗೆಲ್ಲ ಒಂದು ರೂಢಿ. ಇಂಗ್ಲಿಷಿನಲ್ಲಿ ಏನು ಬಂದರೂ ಅದನ್ನು ನನ್ನ ಹತ್ತಿರ ತರುತ್ತಿದ್ದರು. ಶಾಲೆಯ ಚೀಟಿ, ವಿಮೆಯ ಪತ್ರ, ಪುರಸಭೆಯ ನೋಟೀಸು, ಎಲ್ಲವೂ ನಮ್ಮ ಮನೆಯ ಕಟ್ಟೆಗೇ. "ರಾಯರೆ, ಸ್ವಲ್ಪ ಓದಿ ಹೇಳಿ." ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ನೆನಪಿಲ್ಲ. ಅಷ್ಟು ದೊಡ್ಡಸ್ತಿಕೆ. ನನ್ನ ಹೆಂಡತಿ ಅಂಬುಜಾ ಮಾತ್ರ ಒಳಗಿನಿಂದ, "ಎಲ್ಲಾ ತಿಳಿದ ಮಹಾಪಂಡಿತರು ಚಾ ಕುಡಿಲಿಕ್ಕೆ ಬರ್ರಿ" ಎಂದು ಕೀಟಲೆ ಮಾಡುತ್ತಿದ್ದಳು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕುಡಿಯುತ್ತಿದ್ದೆ. ದಿನಾ ಅಲ್ಲ. ಮಾಲೇಗಾಂವ್ ಶಾಖೆಯ ತಪಾಸಣೆಗೆ ಹೋದಾಗ ಮಾತ್ರ, ಸಹೋದ್ಯೋಗಿ ಮಧುಕರನ ಜೊತೆ. ಮಗ್ಗಗಳ ಗಡಗಡ ಸದ್ದಿನ ಆ ಊರಿನ ಒಂದು ಲಾಡ್ಜಿನಲ್ಲಿ ಬಾಗಿಲು ಹಾಕಿಕೊಂಡು ಕುಡಿದು, ಮರುದಿನ ಮಧ್ಯಾಹ್ನ ಬಸ್ಸು ಹತ್ತುವ ಮೊದಲು ಮತ್ತೊಂದಿಷ್ಟು ಏರಿಸಿ ಬರುತ್ತಿದ್ದೆವು. ಮನೆಯಲ್ಲಿ ಮಾಧ್ವರ ಮಡಿ, ಏಕಾದಶಿ, ಪೂಜೆ. ಆ ಬಾಯಿ ಹೊತ್ತು ಮನೆಗೆ ಹೋಗುವುದು ಹೇಗೆ? ಹಾಗಾಗಿ ಸೀದಾ ಮುದ್ದಣ್ಣನವರ ಹೋಟೆಲಿನ ಹಿಂಬಾಗಿಲಿಗೆ ಹೋಗುತ್ತಿದ್ದೆ. ಭಟ್ಟರು ನನ್ನನ್ನು ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಕೂರಿಸಿ, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ ಎರಡು ಲೋಟ ಕುಡಿಸಿ, ಕೈಗೆ ನಾಲ್ಕು ಲವಂಗ ಕೊಟ್ಟು ಕಳಿಸುತ್ತಿದ್ದರು. ಒಮ್ಮೆ ಅಂಬುಜಾ ಹುಡುಕಿಕೊಂಡು ಹೋಟೆಲಿಗೇ ಬಂದಾಗ, "ರಾಯರಿಗೆ ಬಸ್ಸಿನಲ್ಲಿ ತಲೆ ತಿರುಗಿದ್ದಮ್ಮ" ಎಂದು ಸಂಭಾಳಿಸಿದ್ದರು. ಮೂರು ಸಲ ಹೀಗಾಯಿತು. ಒಂದು ಬುದ್ಧಿಮಾತನ್ನೂ ಅವರು ಆಡಲಿಲ್ಲ.

೧೯೮೭ರಲ್ಲಿ ಮಧುಕರ ಸತ್ತ. ಹೊಟ್ಟೆ ಊದಿ, ಕಣ್ಣು ಅರಿಸಿನವಾಗಿ ಸತ್ತ. ಆಸ್ಪತ್ರೆಯ ಚೀಟಿಯಲ್ಲಿ ಸಿರೋಸಿಸ್ ಎಂದಿತ್ತು. ಕುಡಿದು ಕುಡಿದು ಲಿವರು ಗಟ್ಟಿಯಾಯಿತು ಎಂದು ಡಾಕ್ಟರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಅವತ್ತೇ ಬಾಟಲಿ ಬಿಟ್ಟೆ. ಆದರೆ ಆ ಶಬ್ದ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಹೊಟ್ಟೆಯ ಬಲಗಡೆ ಸ್ವಲ್ಪ ಚುಚ್ಚಿದರೂ ಬೆವರುತ್ತಿದ್ದೆ.

ಮರುವರ್ಷ ಬೇಸಿಗೆಯಲ್ಲಿ ಭಟ್ಟರ ಕಾಲು ಊದಿಕೊಂಡಿತು. ಅವರ ಹೆಂಡತಿ ವಾರಿಜಾಕ್ಷಿಯವರ ತಮ್ಮ ಔರಂಗಾಬಾದಿನಲ್ಲಿ ಕ್ಯಾಂಟೀನು ನಡೆಸುತ್ತಿದ್ದ. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ಆಗ ಔರಂಗಾಬಾದ್. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಕಲಬುರ್ಗಿ ಕಡೆಯ ಬಿಂದುಮಾಧವ ಎನ್ನುವ ಕನ್ನಡದ ಡಾಕ್ಟರು ಇದ್ದಾರೆಂದು ಭಟ್ಟರನ್ನು ಕರೆಸಿಕೊಂಡ. ಹತ್ತು ದಿನ ಇದ್ದು, ಪರೀಕ್ಷೆ ಮಾಡಿಸಿಕೊಂಡು ಭಟ್ಟರು ಒಂದು ಕಾಗದದೊಂದಿಗೆ ವಾಪಸು ಬಂದರು. ಏನಂತೆ ಎಂದು ಹೆಂಡತಿ ಕೇಳಿದರೆ, "ಎಂತ ಇಲ್ಲ, ಉಪ್ಪು ಬಿಡ್ಬೇಕಂತೆ" ಎಂದಷ್ಟೇ ಹೇಳಿ ಕೆಲಸಕ್ಕೆ ನಡೆದರು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ವಾರಿಜಾಕ್ಷಿಯವರು ಆ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು.

"ಎಂತ ಬರ್ದಿದ್ದಾರೆ ನೋಡಿ ರಾಯರೆ. ಇವರನ್ನು ಕೇಳಿದ್ರೆ ಎಂತ ಇಲ್ಲ ಅಂತಾರೆ. ನನಗೆ ಹೆದರಿಕೆ ಆಗ್ತದೆ."

ಕನ್ನಡಕ ಏರಿಸಿದೆ. ಮೇಲಿನಿಂದ ನಾಲ್ಕನೆಯ ಸಾಲಿನಲ್ಲೇ ಅದು ಇತ್ತು. ಸಿರೋಸಿಸ್. ಮಧುಕರನ ಹಳದಿ ಕಣ್ಣು ಎದುರಿಗೆ ಬಂದಂತಾಯಿತು. ಮುಂದೆ ನಾಲ್ಕು ಸಾಲು ಓದಿದೆನೋ ಇಲ್ಲವೋ, ಕಾಗದವನ್ನು ಮಡಚಿಬಿಟ್ಟೆ.

"ಅಕ್ಕಾರ, ಇದು ಲಿವರಿನ ರೋಗ. ಲಿವರ್ ಕಲ್ಲಿನಂಗ ಗಟ್ಟಿಯಾಗೇದ."

"ಯಾಕೆ ಹಾಗೆ?"

"ಕುಡಿಯೋರಿಗೆ ಬರತದರಿ ಇದು."

ಅಂಬುಜಾ ಒಳಗಿನಿಂದ ಬಂದು ನನ್ನನ್ನೇ ದುರುಗುಟ್ಟಿ ನೋಡಿದಳು. ವಾರಿಜಾಕ್ಷಿಯವರು ಮೊದಲು ನಕ್ಕರು. "ಕುಡಿಯುದಾ? ಇವರಾ? ಇವರು ಕಾಫಿ ಸಹ ಎರಡನೇ ಸಲ ಕುಡಿಯುದಿಲ್ಲ ರಾಯರೆ."

ಆಗ ನಾನೊಂದು ಮಾತು ಆಡಿದೆ. ಈ ನಾಲಿಗೆಯೇ ಆಡಿದ್ದು, ಥೂ! "ಗಂಡಸರು ಹೆಂಡ್ರಿಗೆ ಎಲ್ಲಾ ಹೇಳಿ ಮಾಡತಾರೇನ್ರಿ? ಹೋಟೆಲಿನ ಹಿಂದಿನ ಬಾಗಲದಾಗ ಏನೇನು ನಡೀತದೋ ಯಾರಿಗೆ ಗೊತ್ತು?"

ಅವರ ನಗು ನಿಂತಿತು. "ಒಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದ್ರೆ ಇವರು ನಗಾಡಿ ಬಿಡ್ತಾರೆ" ಎಂದರು. ಬರೆದು ಕೊಟ್ಟೆ. 'ಕುಡಿತದಿಂದ ಯಕೃತ್ತು ಗಟ್ಟಿಯಾಗಿದೆ, ಇದಕ್ಕೆ ಸಿರೋಸಿಸ್ ಎನ್ನುತ್ತಾರೆ.' ಬ್ಯಾಂಕಿನ ಚಾಳಿ ಬಿಡುತ್ತದೆಯೇ? ಕೆಳಗೆ ಸಹಿ ಹಾಕಿದೆ, ತಾರೀಖು ಹಾಕಿದೆ.

ಅವರು ಹೋದ ಮೇಲೆ ಅಂಬುಜಾ, "ಅಷ್ಟು ಖಾತ್ರಿ ಐತೇನ್ರಿ ನಿಮಗ?" ಎಂದಳು. "ನಿನಗೇನು ತಿಳೀತದ, ಸುಮ್ಮನಿರು" ಎಂದು ಅವಳ ಮೇಲೇ ಹಾರಾಡಿದೆ.

ಆ ಚೀಟಿ ಮುದ್ದಣ್ಣನವರ ಕೈಗೆ ಹೋಯಿತು. ಹೋಟೆಲಿನಲ್ಲಿ ಇವರು ಕುಡಿಯುವುದು ನಿಜವಾ ಎಂದು ವಾರಿಜಾಕ್ಷಿಯವರು ಅವರನ್ನು ಅಳುತ್ತಾ ಕೇಳಿದರಂತೆ. ಮುದ್ದಣ್ಣ ಬ್ಯಾಂಕಿಗೇ ಬಂದು, "ರಾಯರೆ, ಇದು ನಿಮ್ಮ ಅಕ್ಷರವಾ?" ಎಂದರು. ಹೌದು ಎಂದೆ. "ಇಪ್ಪತ್ತು ವರ್ಷದಿಂದ ಭಟ್ಟರು ನನ್ನ ಹತ್ತಿರ ಇದ್ದಾರೆ. ನಾನು ಒಂದು ದಿವಸ ಕಂಡದ್ದಿಲ್ಲ" ಎಂದು ಅವರು ಗೊಣಗಿದರು. ಆದರೆ ನನ್ನ ಸಹಿಯ ಮುಂದೆ ಅವರ ಇಪ್ಪತ್ತು ವರ್ಷ ನಿಲ್ಲಲಿಲ್ಲ. ಬ್ಯಾಂಕಿನ ರಾಯರು ಓದಿ ಹೇಳಿದ ಮೇಲೆ ಮುಗಿಯಿತು, ಸುದ್ದಿ ಮಂಡಳಿಯವರಿಗೆಲ್ಲ ಹಬ್ಬಿತು.

ಆಗಸ್ಟಿನಲ್ಲಿ ಮಂಡಳಿಯ ಸಭೆ. ನಾನು ಕಾರ್ಯದರ್ಶಿ. ಗಣಪತಿಯ ನೈವೇದ್ಯದ ಮಾತು ಬಂದಾಗ, ಈ ವರ್ಷ ಬೇರೆ ಅಡುಗೆಯವರನ್ನು ಕರೆಸೋಣ ಎಂದೆ. "ದೇವರ ಅಡುಗಿ ಅದು. ನಾಳೆ ಜನ ಆಡಿಕೋಬಾರದು." ಭಟ್ಟರು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದರು. ಎಲ್ಲರೂ ಅವರ ಕಡೆ ನೋಡಿದರು. ಅವರು ನನ್ನ ಕಡೆ ನೋಡಿದರು. ಈಗ ಈ ಮನುಷ್ಯ ಬಾಯಿ ಬಿಟ್ಟರೆ, ಅಕ್ಕಿ ಮೂಟೆ, ಮಜ್ಜಿಗೆ, ಲವಂಗ ಎಲ್ಲ ಹೊರಗೆ ಬಂದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ ಎಂದು ಹೆದರಿದೆ. ಅವರು, "ನಾನು ಕುಡಿಯುದಿಲ್ಲ. ಆದ್ರೆ ಮಂಡಳಿ ಹೇಳಿದ ಹಾಗೆ ಆಗಲಿ" ಎಂದಷ್ಟೇ ಹೇಳಿ ಟವೆಲು ಕೊಡವಿಕೊಂಡು ಎದ್ದು ಹೋದರು.

ಹಬ್ಬಕ್ಕೆ ಪುಣೆಯಿಂದ ಬೇರೊಬ್ಬರು ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನರಹರಿ ಭಟ್ಟರು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದವರಂತೆ ತೊಡೆಯ ಮೇಲಿಟ್ಟುಕೊಂಡು, ಬಡಿಸುವವರ ಕಾಲನ್ನೇ ನೋಡುತ್ತಿದ್ದರು. ನಾನು ಬಡಿಸುತ್ತ ಅವರ ಎಲೆಯ ಹತ್ತಿರ ಬಂದಾಗ, "ಪಾಯಸ ಲಾಯ್ಕಾಗಿದೆ ರಾಯರೆ" ಎಂದರು. ನನಗೆ ಆಗಲೂ ಬುದ್ಧಿ ಬರಲಿಲ್ಲ. ಒಂದು ಅಪಚಾರ ತಪ್ಪಿಸಿದೆ ಎಂದು ಒಳಗೊಳಗೇ ಬೀಗಿದೆ.

ನವೆಂಬರಿನಲ್ಲಿ ಬ್ಯಾಂಕಿನ ಕೆಲಸಕ್ಕೆ ನಾಲ್ಕು ದಿನ ಔರಂಗಾಬಾದಿಗೆ ಹೋಗುವುದಿತ್ತು. ಸುದ್ದಿ ತಿಳಿದು ವಾರಿಜಾಕ್ಷಿಯವರು ಅದೇ ಕಾಗದ ತಂದುಕೊಟ್ಟರು. "ಡಾಕ್ಟರಿಗೆ ತೋರಿಸಿ, ಇನ್ನೆಂತ ಮದ್ದು ಉಂಟು ಕೇಳಿ ಬನ್ನಿ. ಇವರಿಗೆ ಈಗ ಹೊಟ್ಟೆಯೂ ಊದಿದೆ." ಅವರ ಮುಖ ಬತ್ತಿಹೋಗಿತ್ತು.

ಬಿಂದುಮಾಧವ ಡಾಕ್ಟರು ಕನ್ನಡ ಕೇಳಿ ಖುಷಿಯಾದರು. ಚಹಾ ತರಿಸಿದರು. ಭಟ್ಟರ ಹೆಸರು ಹೇಳಿದ ಕೂಡಲೇ, "ಹೋ, ಆ ಅಡಗಿ ಭಟ್ರು! ಭಾಳ ಛಲೋ ಮನಷ್ಯಾ. ಹೆಂಗಿದ್ದಾರ?" ಎಂದರು.

ನಾನು ಧ್ವನಿ ತಗ್ಗಿಸಿ, "ಈಗ ಕುಡ್ಯಾದು ಬಿಟ್ಟಿರಬೇಕು ಅನ್ನಸ್ತದ ಡಾಕ್ಟ್ರೇ" ಎಂದೆ.

"ಏನು ಕುಡ್ಯಾದು?"

"ಸಿರೋಸಿಸ್ ಅಂದ್ರ ಕುಡಿಯೋರಿಗೇ ಅಲ್ಲೇನ್ರಿ ಬರೋದು?"

ಡಾಕ್ಟರು ಚಹಾದ ಬಸಿಯನ್ನು ಕೆಳಗಿಟ್ಟರು. "ಯಾರ್ರೀ ನಿಮಗ ಹಂಗ ಹೇಳಿದವರು? ನೋಡ್ರಿ, ಆ ಶಬ್ದ ಗ್ರೀಕಿನದು. ಮೂಲದಾಗ ಅದಕ್ಕ ಗಟ್ಟಿ ಅನ್ನೋ ಅರ್ಥಾನೂ ಇಲ್ಲ. ಒಂಥರಾ ಕಂದು ಹಳದಿ ಬಣ್ಣ ಅಂತ. ಹಿಂದಕ ಯಾರೋ ಡಾಕ್ಟರು ಸತ್ತವರ ಲಿವರ್ ಕೊಯ್ದು ನೋಡಿದಾಗ ಆ ಬಣ್ಣ ಕಂಡಿತ್ತು, ಆ ಹೆಸರು ಇಟ್ಟರು. ಈಗ ನಾವು ಗಟ್ಟಿಯಾಗಿ ಗಂಟುಗಂಟಾದ ಲಿವರಿಗೆ ಅದನ್ನ ಬಳಸ್ತೀವಿ. ಗಾಯ ಮಾದ ಮ್ಯಾಲೆ ಕಲೆ ಉಳೀತದಲ್ಲ, ಹಂಗ ಒಳಗೂ ಕಲೆ. ಆದ್ರ ಗಾಯ ಮಾಡಿದವರು ಯಾರು ಅಂತ ಆ ಶಬ್ದ ಹೇಳಂಗಿಲ್ಲ. ಕುಡಿತಾನೂ ಮಾಡ್ತದ, ಕಾಮಾಲೆನೂ ಮಾಡ್ತದ. ಭಟ್ಟರಿಗೆ ಇಪ್ಪತ್ತೈದು ವರ್ಷದ ಹಿಂದ ಮುಂಬೈದಾಗ ಕೆಟ್ಟ ಕಾಮಾಲೆ ಆಗಿತ್ತು. ಅದರ ವಿಷ ಇನ್ನೂ ರಕ್ತದಾಗ ಅದ. ಬರದೀನಲ್ಲ ನಾನು?"

"ಎಲ್ಲಿ ಬರದೀರಿ?"

ಅವರು ನನ್ನ ಕೈಯಿಂದ ಕಾಗದ ತಗೊಂಡು ತಿರುವಿದರು. "ಹಿಂದ ನೋಡಲಿಲ್ಲೇನ್ರಿ?"

ಹಿಂಬದಿಯಲ್ಲಿ, ಮೊದಲ ಸಾಲಿನಲ್ಲೇ, ಅಡಿಗೆರೆ ಎಳೆದು ಬರೆದಿದ್ದರು. ಈ ರೋಗಿಗೆ ಮದ್ಯದ ಅಭ್ಯಾಸ ಎಂದೂ ಇಲ್ಲ. ಕಾರಣ, ಹಳೆಯ ಕಾಮಾಲೆ.

ಮುಂದೆ ಡಾಕ್ಟರು ಏನು ಹೇಳಿದರೋ ಅರ್ಧ ತಲೆಗೇ ಹೋಗಲಿಲ್ಲ. ಚೆಕ್ಕಿನ ಹಿಂಬದಿ ನೋಡಲಿಲ್ಲವೆಂದು ನಾನು ಅಳಿಸಿದ ಹುಡುಗರ ಮುಖಗಳೆಲ್ಲ ನೆನಪಾದವು. ಡಾಕ್ಟರು ಪಾಪ, ಹೆಂಡತಿಗೆ ಓದಲು ಅನುಕೂಲವಾಗಲಿ ಎಂದು ಅದೇ ಮಾತನ್ನು ಬೇರೆ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟರು. ಪಥ್ಯ, ಮಾತ್ರೆ ಎಲ್ಲ ಬರೆದರು. ಕಡೆಗೆ, "ಭಾಳ ದಿನ ಇಲ್ಲರಿ. ಸಮಾಧಾನದಿಂದ ಇರಲಿ" ಎಂದರು.

ಊರಿಗೆ ಬಂದು ಆ ಹಾಳೆಯನ್ನು ಅವತ್ತೇ ಕೊಡಬೇಕಾಗಿತ್ತು. ಕೊಡಲಿಲ್ಲ. ಮಾತ್ರೆಗಳನ್ನಷ್ಟೇ ಬೇರೆ ಚೀಟಿಯಲ್ಲಿ ಬರೆದು ಕಳಿಸಿ, ಡಾಕ್ಟರ ಹಾಳೆಯನ್ನು ಮೇಜಿನ ಖಾನೆಯಲ್ಲಿಟ್ಟೆ. ನಾಳೆ ಹೋಗುತ್ತೇನೆ, ಬರುವ ಭಾನುವಾರ ಹೋಗುತ್ತೇನೆ ಎಂದುಕೊಳ್ಳುತ್ತಲೇ ಎರಡು ತಿಂಗಳು ಕಳೆದೆ. ರಾಯರು ತಪ್ಪು ಓದಿದರು ಎಂದು ನಾಲ್ಕು ಜನ ಆಡಿಕೊಂಡರೆ ಎನ್ನುವ ಹೆದರಿಕೆ. ಸಾಯುತ್ತಿರುವ ಮನುಷ್ಯನ ಮಾನಕ್ಕಿಂತ ನನ್ನ ಇಂಗ್ಲಿಷಿನ ಮಾನ ನನಗೆ ದೊಡ್ಡದಾಗಿತ್ತು.

ಸಂಕ್ರಾಂತಿಯ ದಿನ ಅಂಬುಜಾ ಏನೋ ಹುಡುಕುತ್ತ ಖಾನೆ ತೆಗೆದಳು. ಓದಿದಳು. ಎಳ್ಳುಬೆಲ್ಲದ ಡಬ್ಬಿಯ ಜೊತೆ ಆ ಹಾಳೆಯನ್ನೂ ನನ್ನ ಮುಂದೆ ತಂದಿಟ್ಟು, "ನೀವ ಕೊಟ್ಟು ಬರ್ತೀರೋ, ನಾ ಕೊಟ್ಟು ಬರ್ಲೋ?" ಎಂದಳು.

ಹೋದೆ. ಪಂಚವಟಿಯ ವಠಾರವೊಂದರಲ್ಲಿ ಎರಡು ಕೋಣೆಯ ಮನೆ. ಭಟ್ಟರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿತ್ತು. ನಾನು ನಿಂತೇ ಎರಡೂ ಕಾಗದ ಓದಿದೆ. ಕನ್ನಡದ ಹಾಳೆಯನ್ನೂ ಓದಿದೆ, ಇಂಗ್ಲಿಷಿನ ಹಿಂಬದಿಯನ್ನೂ ಓದಿ ಹೇಳಿದೆ.

ವಾರಿಜಾಕ್ಷಿಯವರು ಗೋಡೆ ಹಿಡಿದುಕೊಂಡರು. "ಅಂದ್ರೆ ಇವರು ಕುಡಿದದ್ದಲ್ಲ."

"ಅಲ್ಲರಿ ಅಕ್ಕಾರ. ತಪ್ಪಾತು. ನಂದು ದೊಡ್ಡ ತಪ್ಪಾತು."

"ನೀನು ಆ ಚೀಟಿ ತಂದ ದಿವಸವೇ ಹೇಳಿದ್ದೆ ಅಲ್ವಾ ಮಾರಾಯ್ತಿ, ಡಾಕ್ಟರು ಕಾಮಾಲೆ ಅಂದ್ರು ಅಂತ" ಎಂದು ಭಟ್ಟರು ಮೆಲ್ಲಗೆ ಹೇಳಿದರು.

"ನೀವು ಹೇಳಿದ್ದು ಬಾಯಲ್ಲಿ. ರಾಯರು ಸಹಿ ಹಾಕಿ ಕೊಟ್ಟಿದ್ರು." ಅವರು ನನ್ನ ಕಡೆ ತಿರುಗಿದರು. "ಏಳು ತಿಂಗಳು ರಾಯರೆ. ಇವರು ಕೆಲಸದಿಂದ ಬಂದ್ರೆ ಹೊಸ್ತಿಲಲ್ಲೇ ನಿಲ್ಲಿಸಿ ಬಾಯಿ ಮೂಸಿ ನೋಡ್ತಿದ್ದೆ. ಆಮೇಲೆಯೇ ಬಟ್ಟಲು ಇಡುದು. ಇವರು ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ನಿಲ್ತಿದ್ರು. ಒಂದು ದಿವಸ ಬೈಲಿಲ್ಲ ನನಗೆ."

ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಭಟ್ಟರಿಗೆ ನಮ್ಮಿಬ್ಬರನ್ನೂ ನೋಡಿ ಸಂಕಟವಾಯಿತು ಎಂದು ಕಾಣುತ್ತದೆ. "ಹಬ್ಬದ ದಿನ ಅಳುದು ಎಂತಕ್ಕೆ? ಹೋಗು, ರಾಯರಿಗೆ ಮಜ್ಜಿಗೆ ತಾ. ಸ್ವಲ್ಪ ಶುಂಠಿ ಜಜ್ಜಿ ಹಾಕು" ಎಂದರು.

ವಾರಿಜಾಕ್ಷಿಯವರು ಒಳಗೆ ಹೋದರು. ನಾನು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತೆ. "ಭಟ್ರ, ಅವತ್ತ ಸಭಾದಾಗ ನನ್ನ ಬಗ್ಗೆ ಒಂದ ಮಾತು ಅಂದಿದ್ರ ಸಾಕಿತ್ತು. ಎಲ್ಲಾರೂ ನನಗ ಉಗೀತಿದ್ರು. ಯಾಕ ಅನ್ನಲಿಲ್ಲರಿ?"

"ಎಂತ ಹೇಳುದು ರಾಯರೆ?" ಎಂದರು ಅವರು. "ನಿಮಗೂ ಹೆಂಡತಿ ಮಕ್ಕಳು ಉಂಟಲ್ಲ."

ಮಜ್ಜಿಗೆ ಬಂತು. ಲೋಟವನ್ನು ಪಕ್ಕಕ್ಕಿಟ್ಟೆ. ವಾರಿಜಾಕ್ಷಿಯವರು ದೇವರ ಗೂಡಿನ ಕೆಳಗಿನಿಂದ ನನ್ನ ಹಳೆಯ ಚೀಟಿಯನ್ನು ತೆಗೆದು ತಂದರು. "ಇದರ ಹಿಂದೆ ಬರೀರಿ. ಸಹಿ ಹಾಕಿ. ಮಂಡಳಿಯ ಹಲಗೆಗೆ ನಾನೇ ಅಂಟಿಸ್ತೇನೆ."

ಬರೆದೆ. ಮುಂಬದಿಯಲ್ಲಿ ಬರೆದದ್ದು ಸುಳ್ಳು, ಕಾಗದವನ್ನು ನಾನು ಪೂರ್ತಿ ಓದಲಿಲ್ಲ, ನರಹರಿ ಭಟ್ಟರು ಎಂದೂ ಕುಡಿದವರಲ್ಲ, ಈ ಕಾಯಿಲೆ ಕಾಮಾಲೆಯಿಂದ ಬಂದದ್ದು. ವಾರಿಜಾಕ್ಷಿಯವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಒಂದು ಕೇಳ್ತೇನೆ ರಾಯರೆ. ಲಿವರು ಗಟ್ಟಿಯಾಗಿದೆ ಅಂತ ಓದಿದ್ರಿ, ಸರಿ. ಕುಡಿತ ಅಂತ ನಿಮಗೆ ಹೇಗೆ ಹೊಳೆಯಿತು?"

ನಾನು ಭಟ್ಟರ ಮುಖ ನೋಡಿದೆ. ಆಗ ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ.

"ಸಾಕು ಮಾರಾಯ್ತಿ" ಎಂದರು ಭಟ್ಟರು. "ಇಂಗ್ಲಿಷ್ ಕಾಗದ ಅಲ್ವಾ. ಯಾರಿಗಾದ್ರೂ ತಪ್ಪುತ್ತದೆ."

ತೆರೆದ ಬಾಯಿ ಮುಚ್ಚಿದೆ. ಸಹಿ ಹಾಕಿ ಚೀಟಿ ಕೊಟ್ಟೆ. ವಾರಿಜಾಕ್ಷಿಯವರು ಅದನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು. ಆಮೇಲೆ ಹಾಳೆ ತಿರುವಿ ಇನ್ನೊಂದು ಬದಿಯನ್ನೂ ಓದಿದರು. ಅವರು ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆಯವರೆಗೆ.

ಚೀಟಿ ಮಂಡಳಿಯ ಹಲಗೆಯ ಮೇಲೆ ಹದಿನೈದು ದಿನ ಇತ್ತು. ಜನ ನನ್ನನ್ನು ಬೈಯಲಿಲ್ಲ. ದೊಡ್ಡ ಮನಸ್ಸು, ತಪ್ಪು ಒಪ್ಪಿಕೊಂಡರು ಎಂದು ಹೊಗಳಿದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಮುಂದಿನ ಗಣಪತಿಗೆ ನೈವೇದ್ಯ ಭಟ್ಟರದೇ ಎಂದು ಸಭೆ ಸೇರಿಸಿ ಗೊತ್ತು ಮಾಡಿದೆವು. ಭಟ್ಟರು ಚೈತ್ರದಲ್ಲೇ ತೀರಿಕೊಂಡರು. ಅವರು ತೊಡೆಯ ಮೇಲೆ ಕೈಯಿಟ್ಟು ಪಂಕ್ತಿಯಲ್ಲಿ ಕೂತ ಆ ಗಣಪತಿ ಹಬ್ಬವೇ ಅವರ ಕಡೆಯದು.

ವಾರಿಜಾಕ್ಷಿಯವರು ಊರಿಗೆ ಹೋಗಿ ತಮ್ಮನ ಮಗಳ ಜೊತೆ ಇದ್ದಾರೆ, ಕಣ್ಣು ಇನ್ನೂ ಚೆನ್ನಾಗಿದೆ, ಓದುತ್ತಾರೆ ಎಂದು ಕೇಳಿದ್ದೇನೆ. ಅಂಬುಜಾಳಿಗೆ ನಿನ್ನೆ ಎಲ್ಲ ಹೇಳಿದೆ. ಇದನ್ನು ವಾರಿಜಾಕ್ಷಿಯವರಿಗೆ ಕಳಿಸುತ್ತಿದ್ದೇನೆ. ಕುಡಿತ ಎಂದು ನನಗೆ ಹೇಗೆ ಹೊಳೆಯಿತೆಂದು ಅವತ್ತು ನೀವು ಕೇಳಿದ್ದಿರಿ. ಭಟ್ಟರು ನನ್ನನ್ನು ಉಳಿಸಲು ನಡುವೆ ಬಂದರು. ಉತ್ತರ ಇಷ್ಟೇ. ಕುಡಿಯುತ್ತಿದ್ದವನು ನಾನು, ಅಕ್ಕಾರ.